ಪ್ಲೈವುಡ್ ಕಾರ್ಖಾನೆಯ ಅಂಟಿನ ಘಾಟಿಗೆ ಬೆಲ್ಲ, ಹಾಲು ಮದ್ದೇ?

ದಿನವೂ ಬೆಲ್ಲ ತಿಂದು ಹಾಲು ಕುಡಿದರೆ ಕಾರ್ಖಾನೆಯ ಘಾಟಿನಿಂದ ತೊಂದರೆಯಾಗದು ಎಂಬ ನಂಬಿಕೆಯಿದೆ. ಇದು ಸರಿಯಲ್ಲ.

ಪ್ಲೈವುಡ್ ಪದರಗಳನ್ನು ಅಂಟಿಸಲು ಹೆಚ್ಚಾಗಿ ಬಳಸುವುದು ಫಾರ್ಮಾಲ್ಡಿಹೈಡ್ ಇರುವ ರಾಳ. ಬಿಸಿ ಪ್ರೆಸ್‌ನಲ್ಲಿ ಒತ್ತುವಾಗ ಈ ಅನಿಲ ಹೊರಬರುತ್ತದೆ. ಇದರಿಂದ ಕಣ್ಣುರಿ, ಗಂಟಲು ಕೆರೆತ, ಕೆಮ್ಮು ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ವರ್ಗೀಕರಿಸಿತು.

ಹಾಲು, ಬೆಲ್ಲ ಹೋಗುವುದು ಹೊಟ್ಟೆಗೆ; ಅನಿಲ ತಾಗುವುದು ಮೂಗು, ಗಂಟಲು, ಶ್ವಾಸನಾಳಕ್ಕೆ. ಬಟ್ಟೆ ಮಾಸ್ಕ್ ಕೂಡ ಅನಿಲವನ್ನು ತಡೆಯದು. ವಾಸನೆ ಮೂಗಿಗೆ ರೂಢಿಯಾದರೆ ಅಪಾಯ ಹೋಯಿತೆಂದಲ್ಲ.

ಪ್ರೆಸ್ ಬಳಿಯೇ ಅನಿಲವನ್ನು ಹೊರಗೆಳೆಯುವ ವ್ಯವಸ್ಥೆ, ಅನಿಲ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಬೇಕು. ರಜೆಯಲ್ಲಿ ಕಡಿಮೆಯಾದ ಕೆಮ್ಮು ಕೆಲಸಕ್ಕೆ ಹೋದಾಗ ಮತ್ತೆ ಬಂದರೆ, ವೈದ್ಯರಿಗೆ ನಿಮ್ಮ ಕೆಲಸ ಏನೆಂದು ತಪ್ಪದೇ ಹೇಳಿ.