ಶಿವಮೊಗ್ಗ, ಭದ್ರಾವತಿ ಮತ್ತು ಹೊರದೇಶದ ಓದು

ಮೈಸೂರು ಸಂಸ್ಥಾನದ ಕಾಲದಲ್ಲಿ ಹೊರದೇಶದ ಓದು ವಿದ್ಯಾರ್ಥಿಯ ಸ್ವಂತ ಆಸೆಗಿಂತ ಹೆಚ್ಚಾಗಿ ಸರ್ಕಾರದ ಲೆಕ್ಕಾಚಾರವಾಗಿತ್ತು. ನಾಡಿನಲ್ಲಿ ಇಲ್ಲದ ವಿದ್ಯೆಯನ್ನು ಕಲಿತು ಬರಲಿ ಎಂದು ಒಬ್ಬನನ್ನು ಹಡಗು ಹತ್ತಿಸುವುದು, ಬಂದ ಮೇಲೆ ಇಲಾಖೆಯಲ್ಲೋ ಕಾರ್ಖಾನೆಯಲ್ಲೋ ಕೆಲಸಕ್ಕೆ ಹಚ್ಚುವುದು ಆಗಿನ ರೂಢಿ. ಮೊದಲ ಮಹಾಯುದ್ಧದ ದೆಸೆಯಿಂದ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧ ಇಲ್ಲೇ ಉಳಿದಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಹುಟ್ಟಿತು. ಸಾಬೂನು ಮತ್ತು ಸುಗಂಧ ತಯಾರಿಕೆಯ ಒಳಗುಟ್ಟು ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಮರಳಿ ಬಂದು ಮೈಸೂರು ಸ್ಯಾಂಡಲ್ ಸೋಪಿಗೆ ರೂಪ ಕೊಟ್ಟ ಅವರನ್ನು ಜನ 'ಸೋಪ್ ಶಾಸ್ತ್ರಿ' ಎಂದೇ ಕರೆದರು. ಸಾಗರ, ಸೊರಬದ ಕಡೆಯ ಗಂಧದ ಕಾಡುಗಳಿಗೆ ಹತ್ತಿರದ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ ತೆರೆದದ್ದು 1944ರಲ್ಲಿ.

ಲೆಕ್ಕಾಚಾರ ಪ್ರತಿ ಸಲವೂ ಕೂಡಿಬರಲಿಲ್ಲ. ಭೂಗರ್ಭಶಾಸ್ತ್ರ ಓದಲೆಂದು ಲಂಡನ್ನಿಗೆ ಹೋದ ಟಿ.ಪಿ. ಕೈಲಾಸಂ ಕಲ್ಲಿನ ವಿದ್ಯೆಯ ಜೊತೆಗೆ ನಾಟಕದ ಹುಚ್ಚನ್ನೂ ಹಚ್ಚಿಕೊಂಡು ಬಂದರು. ಕೆಲವು ವರ್ಷ ಭೂಗರ್ಭ ಇಲಾಖೆಯಲ್ಲಿ ದುಡಿದು ನೌಕರಿ ಬಿಟ್ಟರು. ಸರ್ಕಾರಕ್ಕೆ ಅದು ನಷ್ಟವಾಗಿರಬಹುದು, ಕನ್ನಡ ರಂಗಭೂಮಿಗಂತೂ ಅಲ್ಲ.

ಭದ್ರಾವತಿಯ ಕತೆ ಬೇರೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪನೆಯಾಗಿ, 1923ರಲ್ಲಿ ಉತ್ಪಾದನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು, ಸಲಹೆ ನ್ಯೂಯಾರ್ಕಿನ ಎಂಜಿನಿಯರ್ ಸಿ.ಪಿ. ಪೆರಿನ್ ಅವರದು. 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾದ ಎಂ. ವಿಶ್ವೇಶ್ವರಯ್ಯನವರು ಜಪಾನ್, ಅಮೆರಿಕ, ಯುರೋಪುಗಳನ್ನು ಕಣ್ಣಾರೆ ಕಂಡು ಬಂದವರು. ನಂತರವೂ ಹೊರಗಿನ ವಿದ್ಯೆ ಕುಲುಮೆಯ ರೂಪದಲ್ಲಿ ಊರಿಗೆ ಬರುತ್ತಲೇ ಇತ್ತು. 1950ರ ದಶಕದಲ್ಲಿ ನಾರ್ವೆ ಮಾದರಿಯ ವಿದ್ಯುತ್ ಕುಲುಮೆಗಳು ಬಂದವು, ಮುಂದಿನ ದಶಕದಲ್ಲಿ ಆಸ್ಟ್ರಿಯದಲ್ಲಿ ಬೆಳೆದ ಎಲ್.ಡಿ. ಉಕ್ಕಿನ ವಿಧಾನ. ಇಲ್ಲಿನ ಹೆಚ್ಚಿನ ಕಾರ್ಮಿಕರಿಗೆ ಪರದೇಶದ ತಂತ್ರಜ್ಞಾನ ಕೈಗೆ ಸಿಕ್ಕಿದ್ದು ಸಮುದ್ರ ದಾಟಿ ಅಲ್ಲ, ಕುಲುಮೆಯ ಮುಂದೆ ನಿಂತು.

ಸ್ವಾತಂತ್ರ್ಯದ ನಂತರ ವಿದ್ಯಾರ್ಥಿವೇತನದ ಸ್ವರೂಪವೇ ಬದಲಾಯಿತು. 1950ರಲ್ಲಿ ಭಾರತಕ್ಕೆ ಫುಲ್‌ಬ್ರೈಟ್ ಯೋಜನೆ ಬಂತು, 1959ರಲ್ಲಿ ಕಾಮನ್‌ವೆಲ್ತ್ ಯೋಜನೆ ರೂಪುಗೊಂಡಿತು. ಕಾರ್ಖಾನೆಯ ಅಗತ್ಯಕ್ಕೆ ಕಟ್ಟುಬೀಳದೆ ಸಾಹಿತ್ಯ ಓದಲೆಂದೇ ಹೋಗುವವರಿಗೂ ದಾರಿ ತೆರೆಯಿತು. ಹೀಗೆ 1963ರಲ್ಲಿ ಹೊರಟವರು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 1930ರ ದಶಕದ ರಾಜಕೀಯ ಮತ್ತು ಕಾದಂಬರಿ ಕುರಿತು ಸಂಶೋಧನೆ ನಡೆಸಿ 1966ರಲ್ಲಿ ಪಿಎಚ್.ಡಿ. ಪಡೆದರು. ಆದರೆ ಆ ಮೂರು ವರ್ಷಗಳ ದೊಡ್ಡ ಫಲ ಮಹಾಪ್ರಬಂಧವಲ್ಲ, 'ಸಂಸ್ಕಾರ'.

ಅದು ಹುಟ್ಟಿದ ಬಗೆಯನ್ನು ಅನಂತಮೂರ್ತಿಯವರೇ ಹಲವು ಸಲ ಹೇಳಿಕೊಂಡಿದ್ದಾರೆ. ಅಲ್ಲಿ ಅಧ್ಯಾಪಕರಾಗಿದ್ದ ಲೇಖಕ ಮಾಲ್ಕಂ ಬ್ರಾಡ್‌ಬರಿ ಅವರೊಂದಿಗೆ ಇಂಗ್ಮಾರ್ ಬರ್ಗ್‌ಮನ್‌ರ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದರು. ಪ್ಲೇಗು ಹಬ್ಬಿದ ಮಧ್ಯಯುಗದ ಯುರೋಪು ಅದರ ಹಿನ್ನೆಲೆ. ಯುರೋಪಿನವನು ಓದಿ, ಊಹಿಸಿ ಕಟ್ಟಿಕೊಳ್ಳಬೇಕಾದ ಮಧ್ಯಯುಗ ಭಾರತೀಯನಿಗೆ ಇನ್ನೂ ಬದುಕಿನೊಳಗೇ ಇದೆ ಎಂಬರ್ಥದ ಮಾತು ಬ್ರಾಡ್‌ಬರಿಯವರಿಂದ ಬಂತು. ಅದರ ಬೆನ್ನಲ್ಲೇ ಬರವಣಿಗೆ ಶುರುವಾಗಿ 1965ರಲ್ಲಿ ಕಾದಂಬರಿ ಪ್ರಕಟವಾಯಿತು. ಕತೆ ನಡೆಯುವ ಅಗ್ರಹಾರದ ಹೆಸರು ದೂರ್ವಾಸಪುರ. ಲೇಖಕರು ಬಾಲ್ಯದಲ್ಲಿ ಸಂಸ್ಕೃತ ಕಲಿತ ಊರಿನ ಹೆಸರೂ ಅದೇ. ಶಿವಮೊಗ್ಗಕ್ಕೆ ಹೋಗಿ ಬಂದ ನಾರಣಪ್ಪ ಜ್ವರ ಬಂದು ಮಲಗುತ್ತಾನೆ, ಗಡ್ಡೆ ಎದ್ದು ಸಾಯುತ್ತಾನೆ. ಆಚಾರಗೆಟ್ಟವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರ ತಲೆ ಕೆಡಿಸಿಕೊಂಡಿರುವಾಗಲೇ ಮನೆಗಳಲ್ಲಿ ಇಲಿಗಳು ಸತ್ತು ಬೀಳತೊಡಗುತ್ತವೆ. ಮಲೆನಾಡಿನ ಓದುಗರಿಗೆ ಪ್ಲೇಗು ದೂರದ ಸಂಗತಿಯಾಗಿರಲಿಲ್ಲ. ಹಿಂದಿನ ತಲೆಮಾರು ಅದನ್ನು ಕಂಡಿತ್ತು. ಊರಿನಲ್ಲೇ ಇದ್ದಿದ್ದರೆ ಈ ಕಾದಂಬರಿ ಹೀಗೆ ಬರುತ್ತಿರಲಿಲ್ಲವೆಂದೇ ತೋರುತ್ತದೆ. ಅಗ್ರಹಾರವನ್ನು ಅಷ್ಟು ನಿಷ್ಠುರವಾಗಿ ನೋಡಲು ಇಂಗ್ಲೆಂಡಿನಷ್ಟು ದೂರ ಬೇಕಾಯಿತು.

ಪರದೇಶದ ಓದು ಮುಗಿಸಿ ಬಂದವನ ಪಾಡನ್ನೂ ಅವರು ಬಿಡಲಿಲ್ಲ. 1973ರ 'ಭಾರತೀಪುರ'ದ ಜಗನ್ನಾಥ ಇಂಗ್ಲೆಂಡಿನಿಂದ ಮರಳಿ ದೇವಸ್ಥಾನದ ಊರನ್ನು ತಿದ್ದಲು ಹೊರಟವನು. ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಹೊಲೆಯರ ಕೈಯಲ್ಲಿ ಮುಟ್ಟಿಸಲು ಹಟ ಹಿಡಿಯುತ್ತಾನೆ. ಬೆದರಿದ ಅವರ ಮೇಲೆ ರೇಗುವ ಗಳಿಗೆಯಲ್ಲಿ ಸುಧಾರಕನೊಳಗಿನ ಜಮೀನ್ದಾರ ಹೊರಬೀಳುತ್ತಾನೆ. ಕಲಿತು ಬಂದವನ ಬೆಳವಣಿಗೆ ಎಷ್ಟು ನಿಜ, ಎಷ್ಟು ಸೋಗು ಎಂಬುದನ್ನು ಕನ್ನಡದಲ್ಲಿ ಇಷ್ಟು ಕಟುವಾಗಿ ಶೋಧಿಸಿದ ಕೃತಿಗಳು ಕಡಿಮೆ.

ಪೂರ್ತಿ ಪದವಿಗಲ್ಲದೆ ಒಂದು ಸೆಮಿಸ್ಟರಿನ ಮಟ್ಟಿಗೆ ಹೊರಗೆ ಓದಿ ಬರುವುದು ತೀರ ಈಚಿನ ಪದ್ಧತಿ. ಯುರೋಪಿನ ದೇಶಗಳು ತಮ್ಮೊಳಗಿನ ಇಂಥ ವಿನಿಮಯಕ್ಕೆ ಎರಾಸ್ಮಸ್ ಯೋಜನೆ ತಂದದ್ದು 1987ರಲ್ಲಿ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ ವರ್ಷ. ಭಾರತದಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಪದವಿ ನೀಡುವುದಕ್ಕೆ ಯುಜಿಸಿ 2022ರಲ್ಲಿ ಹೊಸ ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಟ್ವಿನಿಂಗ್ ಪದವಿಯ ವಿದ್ಯಾರ್ಥಿ ಹೊರದೇಶದಲ್ಲಿ ಗಳಿಸುವ ಕ್ರೆಡಿಟ್ ಒಟ್ಟು ಕ್ರೆಡಿಟ್‌ಗಳ ಶೇ 30 ಮೀರುವಂತಿಲ್ಲ. ಆರು ಸೆಮಿಸ್ಟರುಗಳ ಪದವಿಯಲ್ಲಿ ಅದು ಎರಡು ಸೆಮಿಸ್ಟರಿಗೂ ಕಡಿಮೆ.