ಕಡಲಿನ ಇಗರ್ಜಿ, ಬೆಟ್ಟದ ಇಗರ್ಜಿ: ಕೇರಳದ ಕ್ಯಾಥೊಲಿಕ್ ಪರಿಸರ ಹೋರಾಟದ ಎರಡು ಚರಿತ್ರೆಗಳು

2022ರ ಜೂನ್ 3ರಂದು ಸುಪ್ರೀಂ ಕೋರ್ಟು, ಸಂರಕ್ಷಿತ ಅರಣ್ಯಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯ ಇರಬೇಕೆಂದು ಆದೇಶಿಸಿತು. ಕೇರಳದ ಇಡುಕ್ಕಿ, ವಯನಾಡು, ತಾಮರಶ್ಶೇರಿ ಕಡೆಯ ಸಿರೋ-ಮಲಬಾರ್ ಇಗರ್ಜಿಗಳು ಇದನ್ನು ವಿರೋಧಿಸಿ ರೈತರೊಂದಿಗೆ ಬೀದಿಗಿಳಿದವು. ಎರಡು ತಿಂಗಳು ಕಳೆದು ಆಗಸ್ಟ್‌ನಲ್ಲಿ, ಅದೇ ರಾಜ್ಯದ ತಿರುವನಂತಪುರ ಲ್ಯಾಟಿನ್ ಮಹಾಧರ್ಮಪ್ರಾಂತದ ಪಾದ್ರಿಗಳು ಮೀನುಗಾರರ ಜೊತೆ ವಿಳಿಂಜಂ ಬಂದರಿನ ಗೇಟಿನ ಮುಂದೆ ಧರಣಿ ಕೂತರು. ಬಂದರಿನ ಕಾಮಗಾರಿ ನಿಲ್ಲಿಸಿ, ಕಡಲ್ಕೊರೆತದ ಬಗ್ಗೆ ಮೊದಲು ಅಧ್ಯಯನ ನಡೆಸಿ ಎಂಬುದು ಅವರ ಬೇಡಿಕೆ. ಇಬ್ಬರಿಗೂ ಪೋಪ್ ಒಬ್ಬರೇ. ಒಂದು ಕಡೆ ಪರಿಸರ ನಿಯಮ ಬೇಡ ಎಂಬ ಕೂಗು, ಇನ್ನೊಂದು ಕಡೆ ಪರಿಸರ ಉಳಿಸಿ ಎಂಬ ಕೂಗು.

ಕ್ಯಾಥೊಲಿಕ್ ಪರಿಸರ ಚಿಂತನೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ರೋಮ್‌ನಿಂದ ಹೊರಡುತ್ತಾರೆ. ಆರನೆಯ ಪೌಲರು 1971ರ ಪತ್ರದಲ್ಲಿ ನಿಸರ್ಗದ ದುರ್ಬಳಕೆಯ ಬಗ್ಗೆ ಎಚ್ಚರಿಸಿದ್ದು, ಎರಡನೆಯ ಜಾನ್ ಪೌಲರು 1979ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಘೋಷಿಸಿದ್ದು, ಅವರ 1990ರ ಶಾಂತಿ ಸಂದೇಶ, ಕೊನೆಗೆ 2015ರಲ್ಲಿ ಫ್ರಾನ್ಸಿಸ್ ಪೋಪರ ‘ಲೌದಾತೊ ಸಿ’ ಪತ್ರ. ಈ ಸಾಲು ಸರಿಯಾದುದೇ. ಹವಾಮಾನ ಎಲ್ಲರ ಸ್ವತ್ತು, ಅದು ಕೆಟ್ಟಾಗ ಮೊದಲು ಪೆಟ್ಟು ತಿನ್ನುವವರು ಬಡವರು ಎಂಬ ‘ಲೌದಾತೊ ಸಿ’ಯ ವಾದಕ್ಕೆ ತೂಕವೂ ಇದೆ. ಆದರೆ ಈ ಪತ್ರಗಳನ್ನಷ್ಟೇ ಓದಿಕೊಂಡು ಬಂದವರಿಗೆ 2022ರ ಕೇರಳ ಒಗಟಾಗುತ್ತದೆ. ಒಗಟು ಬಿಡಿಸಬೇಕಾದರೆ ಇಗರ್ಜಿಯ ಬೆಂಚುಗಳ ಮೇಲೆ ಯಾರು ಕೂರುತ್ತಾರೆ, ಅವರ ಅನ್ನ ಎಲ್ಲಿಂದ ಬರುತ್ತದೆ ಎಂದು ನೋಡಬೇಕು.

ಕರಾವಳಿಯ ಲ್ಯಾಟಿನ್ ಕ್ಯಾಥೊಲಿಕರಲ್ಲಿ ಬಹುಪಾಲು ಮೀನುಗಾರರು. ತಿರುವನಂತಪುರದ ದಕ್ಷಿಣಕ್ಕಿರುವ ಮುಕ್ಕುವರು 16ನೆಯ ಶತಮಾನದಲ್ಲಿ ಕ್ರೈಸ್ತರಾದವರು. ಅವರ ಕಡಲಿನ ಕಷ್ಟ ಹವಾಮಾನ ಬದಲಾವಣೆಯ ಮಾತು ಹುಟ್ಟುವುದಕ್ಕೆ ಬಹಳ ಮೊದಲೇ ಶುರುವಾಯಿತು. 1953ರಲ್ಲಿ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಕಾಲಿಟ್ಟಿತು. ನಾಡದೋಣಿಗಳಿಗೆ ಯಂತ್ರದ ಬಲ ಕೊಡುವ ಉದ್ದೇಶದಿಂದ ಹೊರಟ ಯೋಜನೆ, ಸಿಗಡಿ ರಫ್ತಿನ ಲಾಭ ಕಂಡಮೇಲೆ ಟ್ರಾಲ್ ಬೋಟುಗಳ ಕಡೆ ತಿರುಗಿತು. ಟ್ರಾಲ್ ಬಲೆ ಕಡಲ ತಳವನ್ನೇ ಗೋರಿಕೊಂಡು ಬರುತ್ತದೆ. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ಗೋರಿದರೆ ಮರುವರ್ಷಕ್ಕೆ ಬೀಜವೇ ಉಳಿಯುವುದಿಲ್ಲ ಎಂಬುದು ಕಟ್ಟುಮರದವರ ದೂರು. ರಿಡೆಂಪ್ಟರಿಸ್ಟ್ ಸಭೆಯ ಪಾದ್ರಿ ಥಾಮಸ್ ಕೊಚ್ಚೇರಿ ಪೂಂತುರದ ಮೀನುಗಾರರ ನಡುವೆ ನೆಲೆಸಿ, ಈ ದೂರನ್ನು ಸಂಘಟನೆಯಾಗಿ ಬೆಳೆಸಿದವರಲ್ಲಿ ಮುಖ್ಯರು. ಟ್ರಾಲಿಂಗ್ ವಿರುದ್ಧದ 1984ರ ಹೋರಾಟದಲ್ಲಿ ಸಿಸ್ಟರ್‌ಗಳೂ ನಿರಶನ ಕೂತರು. ಪಾದ್ರಿಗಳೂ ಸಿಸ್ಟರ್‌ಗಳೂ ಕಾರ್ಮಿಕ ಸಂಘ ಕಟ್ಟುವುದು ಧರ್ಮಾಧ್ಯಕ್ಷರಲ್ಲಿ ಹಲವರಿಗೆ ಹಿಡಿಸಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು: ಇಂದು ಧರ್ಮಸಭೆ ಹೆಮ್ಮೆಯಿಂದ ಹೇಳಿಕೊಳ್ಳುವ ಈ ಪರಂಪರೆ, ಹುಟ್ಟಿದಾಗ ಅದರ ಮೇಲಿನವರ ಒಪ್ಪಿಗೆ ಪಡೆದದ್ದಲ್ಲ.

1988ರಲ್ಲಿ ಕೇರಳ ಮಳೆಗಾಲದ ಟ್ರಾಲಿಂಗನ್ನು ನಿಷೇಧಿಸಿತು. ಮರುವರ್ಷ ರಾಷ್ಟ್ರೀಯ ಮೀನುಗಾರರ ವೇದಿಕೆಯ ಜಾಥಾ ಪೂರ್ವ, ಪಶ್ಚಿಮ ಕರಾವಳಿಗಳೆರಡರಿಂದಲೂ ಹೊರಟು ಮೇ 1ರಂದು ಕನ್ಯಾಕುಮಾರಿಯಲ್ಲಿ ಕೂಡಿತು. ನೀರು ಉಳಿಸಿ, ಜೀವ ಉಳಿಸಿ ಎಂಬುದು ಅದರ ಘೋಷಣೆ. ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಇಂದು ನಮ್ಮ ಮಲ್ಪೆ, ಮಂಗಳೂರಿನಲ್ಲೂ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ದಕ್ಕೆ ಬಿಟ್ಟು ಕದಲುವುದಿಲ್ಲ. ಮಳೆಗಾಲದಲ್ಲಿ ಕಡಲಿಗೆ ವಿಶ್ರಾಂತಿ ಬೇಕೆಂಬ ಮಾತಿಗೆ ಈ ಕರಾವಳಿಯಲ್ಲಿ ಬಲ ತುಂಬಿದವರಲ್ಲಿ ಆ ಕಟ್ಟುಮರದವರೂ ಸೇರಿದ್ದಾರೆ.

ಬೆಟ್ಟದ ಕಥೆ ಬೇರೆ. ತಿರುವಾಂಕೂರಿನ ಬಯಲಿನಲ್ಲಿ ಭೂಮಿ ಸಾಲದೆ ಸಿರಿಯನ್ ಕ್ರೈಸ್ತ ರೈತರು ಕಳೆದ ಶತಮಾನದ ಮೊದಲರ್ಧದಿಂದಲೇ ಮಲಬಾರಿನ, ಇಡುಕ್ಕಿಯ ಕಾಡಂಚಿಗೆ ಹೊರಟರು. ಆಹಾರದ ಅಭಾವವಿದ್ದ 1940ರ ದಶಕದಲ್ಲಿ ಸರ್ಕಾರವೇ ಹಲವರನ್ನು ಬೆಟ್ಟ ಹತ್ತಿಸಿತು. ನಮ್ಮ ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಹಲವು ಇದೇ ವಲಸೆಯ ಮುಂದುವರಿಕೆ. 1999ರಲ್ಲಿ ಅಲ್ಲಿ ಸಿರೋ-ಮಲಬಾರ್ ಧರ್ಮಪ್ರಾಂತವೇ ಸ್ಥಾಪನೆಯಾಯಿತು. ಮಲೇರಿಯಾ, ಆನೆ, ಹಸಿವು ದಾಟಿ ಬಂದ ಈ ಕುಟುಂಬಗಳಿಗೆ ಇಗರ್ಜಿಯೇ ಶಾಲೆ, ಆಸ್ಪತ್ರೆ, ಪಂಚಾಯಿತಿ ಎಲ್ಲವೂ ಆಗಿತ್ತು. ಹಕ್ಕುಪತ್ರ ಮಾತ್ರ ಅನೇಕರ ಕೈಗೆ ಬರಲೇ ಇಲ್ಲ. ಮಾಧವ ಗಾಡ್ಗೀಳ್ ಸಮಿತಿಯ 2011ರ ವರದಿಯೂ, ಪಶ್ಚಿಮಘಟ್ಟದ ಸುಮಾರು ಶೇ. 37ರಷ್ಟನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಿದ 2013ರ ಕಸ್ತೂರಿರಂಗನ್ ವರದಿಯೂ ಬಂದಾಗ, ಜನರಿಗೆ ಕೇಳಿಸಿದ್ದು ಒಕ್ಕಲೆಬ್ಬಿಸುವ ಸುದ್ದಿ. ಗಾಡ್ಗೀಳ್ ಹೇಳಿದ್ದು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದು. ಆದರೆ ಜನರ ಭಾಷೆಯಲ್ಲಿ ವರದಿ ತಲುಪುವ ಮೊದಲು ವದಂತಿ ತಲುಪಿತು. 2013ರ ನವೆಂಬರ್‌ನಲ್ಲಿ ತಾಮರಶ್ಶೇರಿಯ ಅರಣ್ಯ ಕಚೇರಿಗೆ ಬೆಂಕಿ ಬಿತ್ತು. ವರದಿಯ ಪರ ಮಾತಾಡಿದ ಇಡುಕ್ಕಿಯ ಸಂಸದ ಪಿ.ಟಿ. ಥಾಮಸರ ಅಣಕು ಶವಯಾತ್ರೆ ನಡೆಯಿತು. 2014ರಲ್ಲಿ ಅವರಿಗೆ ಟಿಕೆಟ್ ತಪ್ಪಿತು. ಇಗರ್ಜಿ ಬೆಂಬಲದ ಹೈರೇಂಜ್ ಸಂರಕ್ಷಣ ಸಮಿತಿಯ ಅಭ್ಯರ್ಥಿ ಜಾಯ್ಸ್ ಜಾರ್ಜ್ ಎಡರಂಗದ ಬಲದಿಂದ ಗೆದ್ದರು.

ಆಗಿನ್ನೂ ‘ಲೌದಾತೊ ಸಿ’ ಬಂದಿರಲಿಲ್ಲ ಎಂದು ಸಮರ್ಥಿಸಬಹುದು. ಆದರೆ ಅದು ಬಂದು ಏಳು ವರ್ಷ ಕಳೆದ ಮೇಲೂ, 2022ರಲ್ಲಿ, ಬೆಟ್ಟದ ನಿಲುವು ಕದಲಲಿಲ್ಲ. ಹಾಗೆಂದು ಬೆಟ್ಟದವರನ್ನು ಕಪಟಿಗಳೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಹಕ್ಕುಪತ್ರವಿಲ್ಲದ ಎರಡೆಕರೆಯವನ ಭಯ ನಿಜವಾದದ್ದು. ಆ ಭಯದ ಮರೆಯಲ್ಲಿ ಕ್ವಾರಿಯವರೂ ರೆಸಾರ್ಟಿನವರೂ ನಿಂತುಕೊಂಡಿದ್ದನ್ನು ಇಗರ್ಜಿ ಗಟ್ಟಿಯಾಗಿ ಪ್ರಶ್ನಿಸಲಿಲ್ಲ; ನನ್ನ ತಕರಾರು ಅಷ್ಟೇ.

ವಿಳಿಂಜಂ ಧರಣಿಯ ಏಳು ಬೇಡಿಕೆಗಳನ್ನು ಹತ್ತಿರದಿಂದ ನೋಡಿದರೆ ಕರಾವಳಿಯ ಚರಿತ್ರೆಯೂ ಅಷ್ಟು ನೇರವಲ್ಲ. ಮನೆ ಕಳೆದುಕೊಂಡು ವಲಿಯತುರದ ಗೋದಾಮಿನಲ್ಲಿ ಬಿದ್ದಿದ್ದ ಕುಟುಂಬಗಳಿಗೆ ಪುನರ್ವಸತಿ, ಹವಾಮಾನ ಎಚ್ಚರಿಕೆಯಿಂದ ಕಡಲಿಗಿಳಿಯಲಾಗದ ದಿನಗಳಿಗೆ ಕೂಲಿ: ಇವು ಹವಾಮಾನ ನ್ಯಾಯದ ಅಚ್ಚುಕಟ್ಟು ಉದಾಹರಣೆಗಳು. ಪಕ್ಕದಲ್ಲೇ ದೋಣಿಯ ಎಂಜಿನ್‌ಗೆ ಸಬ್ಸಿಡಿ ಸೀಮೆಎಣ್ಣೆಯೂ ಬೇಕೆಂಬ ಬೇಡಿಕೆ! ಬಂದರು ಪರ ವಾದವೂ ಸೋಜಿಗದ್ದೇ. ಅಲೆತಡೆಗೋಡೆ ಮರಳಿನ ಓಟವನ್ನು ಕಟ್ಟಿಹಾಕಿ ಶಂಖುಮುಖದಂಥ ದಂಡೆಗಳನ್ನು ಕಡಲಿಗೆ ಕೊಟ್ಟಿದೆ ಎಂದು ಮೀನುಗಾರರು ಹೇಳಿದರೆ, ಕಾರಣ ಬಂದರಲ್ಲ, 2017ರ ಒಖಿಯಂಥ ಚಂಡಮಾರುತಗಳು ಎಂಬ ಉತ್ತರ ಬಂತು. ಹವಾಮಾನದ ವೈಪರೀತ್ಯವೇ ಹೊಣೆ ಜಾರಿಸುವ ನೆಪವಾಯಿತು. ನವೆಂಬರ್ ಕೊನೆಗೆ ಹಿಂಸಾಚಾರ ನಡೆದು, ಪೊಲೀಸರು ಮಹಾಧರ್ಮಾಧ್ಯಕ್ಷ ಥಾಮಸ್ ನೆಟ್ಟೊ ಅವರನ್ನೂ ಆರೋಪಿಯೆಂದು ಹೆಸರಿಸಿದರು. ಡಿಸೆಂಬರ್ 6ರಂದು ಧರಣಿ ಮುಗಿಯಿತು.

ಧರ್ಮಸಭೆಯ ಪತ್ರಗಳು ಈ ಎರಡೂ ಹೋರಾಟಗಳಿಗೆ ಭಾಷೆ ಒದಗಿಸಿರಬಹುದು, ದಿಕ್ಕು ತೋರಿಸಿದ್ದು ಜೀವನೋಪಾಯ. ಫಲಿತಾಂಶವನ್ನು ಮಾತ್ರ ಮತಗಳ ಲೆಕ್ಕ, ಬಂಡವಾಳದ ತೂಕ ತೀರ್ಮಾನಿಸಿದಂತಿದೆ. ಒಂದು ಕಿಲೋಮೀಟರ್ ವಲಯದ ಆದೇಶವನ್ನು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಸಡಿಲಿಸಿತು. ಧರಣಿಯ ವೇಳೆ ನಿಂತಿದ್ದ ವಿಳಿಂಜಂ ಬಂದರಿನ ಕಾಮಗಾರಿ ಧರಣಿ ಮುಗಿದ ಮೇಲೆ ಮುಂದುವರಿಯಿತು. 2025ರ ಮೇ 2ರಂದು ಪ್ರಧಾನಿ ಅದನ್ನು ಲೋಕಾರ್ಪಣೆ ಮಾಡಿದರು.