ಫಾರ್ಸ್ಟರ್ ಸಾಹೇಬರು ಮದ್ರಾಸಿನಲ್ಲಿ ಸೋತ ಕೇಸು

ಇ.ಎಂ. ಫಾರ್ಸ್ಟರ್ ಎಂಬ ಇಂಗ್ಲಿಷ್ ಕಾದಂಬರಿಕಾರರು ನಮ್ಮ ಮದ್ರಾಸ್ ಹೈಕೋರ್ಟಿನಲ್ಲಿ ಕೇಸು ಸೋತಿದ್ದು ನಿಮಗೆ ಗೊತ್ತೇ? ಪ್ಯಾರಿಸ್ ಕಾರ್ನರಿನ ಆ ಕೆಂಪು ಕಟ್ಟಡದ ಎದುರು ವರ್ಷಗಟ್ಟಲೆ ಬಸ್ಸಿಗೆ ಕಾದವನು ನಾನು. ನನಗೆ ತಿಳಿದದ್ದು ಮೊನ್ನೆ ಮೊನ್ನೆ.

ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಬಂದದ್ದು 1924ರಲ್ಲಿ. ಮುಂದೆ ಅದು ಇಲ್ಲಿನ ಕಾಲೇಜು ಹುಡುಗರಿಗೆ ಪಠ್ಯವಾಯಿತು. ಪಠ್ಯ ಬಂದ ಮೇಲೆ ಗೈಡ್ ಬಾರದೇ ಇರುತ್ತದೆಯೇ! ಮದ್ರಾಸಿನ ಎ.ಎನ್. ಪರಶುರಾಮ್ ಎಂಬವರು ಒಂದು ಗೈಡ್ ತಂದರು. ತಮ್ಮ ಹಕ್ಕಿಗೆ ಚ್ಯುತಿಯಾಯಿತೆಂದು ಫಾರ್ಸ್ಟರ್ ಮತ್ತು ಅವರ ಪ್ರಕಾಶಕರು ಕೋರ್ಟಿಗೆ ಹೋದರು. 1964ರ ಕಾನೂನು ವರದಿಗಳಲ್ಲಿ ಆ ತೀರ್ಪು ಇದೆ. ಗೈಡು ಕಾದಂಬರಿಯ ಮರೆಮಾಚಿದ ನಕಲೇ, ಇಲ್ಲಾ ಬರೆದವರ ಸ್ವಂತ ದುಡಿಮೆಯಿರುವ ಬೇರೆ ಪುಸ್ತಕವೇ ಎಂಬುದೇ ಅಲ್ಲಿನ ಪ್ರಶ್ನೆ. ನಕಲಲ್ಲ ಎಂದಿತು ಕೋರ್ಟು. ಸರಿಯೇ ಅನ್ನಿ, ಗೈಡ್ ಓದಿ ಕಾದಂಬರಿಯ ರುಚಿ ಕಂಡವರು ಯಾರಿದ್ದಾರೆ?

ಹಾಗೆಂದು ಪಾಠದ ಹೆಸರು ಹೇಳಿದರೆ ಎಲ್ಲವೂ ಮಾಫಿ ಎಂದಲ್ಲ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದ ಮೇಲೂ ಅಲ್ಲಿನ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೂ ದಾವೆ ಹೂಡಿದರು. ಪಾಠಕ್ಕೆ ಬೇಕಾದಷ್ಟು ಪ್ರತಿ ಮಾಡಲು ಅನುಮತಿ ಬೇಡ ಎಂದು 2016ರಲ್ಲಿ ದೆಹಲಿ ಹೈಕೋರ್ಟು ಹೇಳಿತು. 'ಬೇಕಾದಷ್ಟು' ಎಂಬ ಮಾತನ್ನು ಮರೆಯಬೇಡಿ.

ನಮ್ಮ ಭಾನುವಾರದ ಕನ್ನಡ ತರಗತಿಗೆ ಇದರಿಂದ ಅರ್ಧ ಸಮಾಧಾನ. ಮಕ್ಕಳಿಗೆ ಜೆರಾಕ್ಸ್ ಹಂಚುವುದು ಒಂದು, ಪದ್ಯಗಳನ್ನು ಕೂಡಿಸಿ ಪುಸ್ತಕ ಅಚ್ಚು ಹಾಕಿ ಮಾರುವುದು ಇನ್ನೊಂದು. ಇಂಥ ಪಾಠದ ಸಂಕಲನಕ್ಕೆ 1957ರ ಕಾಯ್ದೆಯ 52ನೇ ಕಲಮಿನಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದಾರೆ. ಆದರೆ ಪುಸ್ತಕದ ಹೆಚ್ಚಿನ ಪಾಲು ಹಕ್ಕು ಮುಗಿದ ಬರಹವಾಗಿರಬೇಕು. ಉಳಿದದ್ದು ಸಣ್ಣ ಸಣ್ಣ ಭಾಗ ಮಾತ್ರ, ಅದೂ ಒಬ್ಬ ಲೇಖಕರಿಂದ ಐದು ವರ್ಷದಲ್ಲಿ ಎರಡೇ. ಹನ್ನೆರಡು ಸಾಲಿನ ಇಡೀ ಶಿಶುಗೀತೆಯನ್ನು 'ಸಣ್ಣ ಭಾಗ' ಎನ್ನಲು ನನಗಂತೂ ಧೈರ್ಯವಿಲ್ಲ.

ಬ್ಯಾಂಕಿನವನಲ್ಲವೇ, ಗಡುವು ಲೆಕ್ಕ ಹಾಕುವುದು ಅಭ್ಯಾಸ! ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು. ಪಂಜೆ ಮಂಗೇಶರಾಯರು ಹೋದದ್ದು 1937ರಲ್ಲಿ, ಬಿ.ಎಂ.ಶ್ರೀ. 1946ರಲ್ಲಿ. ಇಬ್ಬರದೂ ಮುಕ್ತ. ಜಿ.ಪಿ. ರಾಜರತ್ನಂ 1979ರಲ್ಲಿ, ಅಂದರೆ 2039ರ ಕೊನೆಯವರೆಗೆ ಹಕ್ಕು ಇದೆ. ಅವರನ್ನು ಬಿಟ್ಟು ಮಕ್ಕಳ ಪುಸ್ತಕ ಮಾಡುವುದುಂಟೇ? ಹಕ್ಕುದಾರರಿಗೆ ಪತ್ರದ ಕರಡು ಸಿದ್ಧವಾಗಿದೆ. ಯಾವ ಪದ್ಯ, ಎಷ್ಟು ಪ್ರತಿ, ಬೆಲೆ ಏನು, ಎಲ್ಲ ಬರೆದಿದ್ದೇವೆ. ವಿಳಾಸ ಹುಡುಕುತ್ತಿದ್ದೇವೆ.